ತೂಕ ನೋಡದೆ ಮಾತ್ರೆ ಕೊಡದವರು

ನಾನು ಕೇಳಿದ್ದು ತಲೆನೋವಿಗೆ ಒಂದು ಮಾತ್ರೆ. ಅವರು ನನ್ನನ್ನು ಕರೆದುಕೊಂಡು ಹೋಗಿ ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು.

"ಚಪ್ಪಲಿ ಬಿಡಿ ಮೇಷ್ಟ್ರೇ. ಜೇಬಲ್ಲಿ ಏನಾರ ಇದ್ರೆ ತೆಗೀರಿ."

ಸ್ಟೋರಿನ ಲೆಕ್ಕ ಬರೆಯುವ ರೈಟರ್ ಮುಳ್ಳನ್ನು ನೋಡಿ, ಅಲ್ಲಿದ್ದ ಆಳುಗಳಿಗೆಲ್ಲ ಕೇಳುವಂತೆ ಕೂಗಿದ: "ಒಂದು ಮೂಟೆ, ಮೇಲೆ ಆರು ಕೆಜಿ!" ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಸಣ್ಣ ಪುಸ್ತಕದಲ್ಲಿ ಐವತ್ತಾರು ಎಂದು ಬರೆದುಕೊಂಡು, ಡಿಸ್ಪೆನ್ಸರಿಗೆ ವಾಪಸು ನಡೆದು, ಡಬ್ಬದಿಂದ ಒಂದೇ ಒಂದು ಮಾತ್ರೆ ತೆಗೆದು ಕೊಟ್ಟರು. ತೂಕ ನೋಡದಿದ್ದರೂ ಕೊಡುತ್ತಿದ್ದದ್ದು ಅದೇ ಒಂದು ಮಾತ್ರೆ ಎಂದು ನಾನು ಹೇಳಿದೆ.

"ಇರಬೌದು. ಆದ್ರೆ ಈಗ ನಂಗೆ ಗೊತ್ತಿದ್ದು ಕೊಟ್ಟಂಗಾಯ್ತು" ಎಂದರು.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಎಸ್ಟೇಟಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ಕೇಳಿಲ್ಲ. ಎಲ್ಲರಿಗೂ ಅವರು ಸಿಸ್ಟರಮ್ಮ. ಕಳೆದ ತಿಂಗಳು ಮಗ್ಗೆಯಿಂದ ಅವರ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ ಹೋಗ್ಬುಟ್ರು ಸಾರ್, ನಿಮಗೆ ಹೇಳಬೇಕು ಅನ್ನಿಸ್ತು" ಎಂದಾಗಿನಿಂದ ಅವರ ಬಗ್ಗೆ ಬರೆಯಬೇಕು ಅಂದುಕೊಂಡು ನಾಲ್ಕು ಸಲ ಕೂತು ಎದ್ದಿದ್ದೇನೆ. ಬರೆಯಲು ಹೊರಟಾಗಲೆಲ್ಲ ಒಂದು ಬೆಕ್ಕು ಅಡ್ಡ ಬರುತ್ತದೆ. ಶಕುನದ ಮಾತಲ್ಲ, ಅದನ್ನೆಲ್ಲ ನಾನು ನಂಬುವವನಲ್ಲ. ನಿಜವಾಗಿ ಇದ್ದ, ನಿಜವಾಗಿ ಸತ್ತ ಬೆಕ್ಕು.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಸಕಲೇಶಪುರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಬಾಳ್ಳುಪೇಟೆಯಿಂದ ಒಳಗೆ ಎರಡು ಮೈಲಿ ದೂರದ ಎಸ್ಟೇಟಿನಲ್ಲಿ ಖಾಲಿ ಬಿದ್ದಿದ್ದ ರೈಟರ್ ಕ್ವಾರ್ಟರ್ಸ್ ಒಂದು ಬಾಡಿಗೆಗೆ ಸಿಕ್ಕಿತ್ತು. ಅದರ ಪಕ್ಕದಲ್ಲೇ ಡಿಸ್ಪೆನ್ಸರಿ, ಡಿಸ್ಪೆನ್ಸರಿಯ ಹಿಂದೆ ಸಿಸ್ಟರಮ್ಮನ ಒಂದು ಕೋಣೆ. ಮೈಸೂರಿನಲ್ಲಿ ಎಂಎಸ್ಸಿ ಮಾಡಿ ಬಂದವನಿಗೆ ಆಗ ಎಲ್ಲದರ ಮೇಲೂ ಅನುಮಾನ. ದೃಷ್ಟಿ ತೆಗೆಯುವವರು, ದಾರ ಕಟ್ಟುವವರು, ಬಾಳ್ಳುಪೇಟೆಯಲ್ಲಿ ಮುಖ ನೋಡಿದ ಕೂಡಲೇ ಇಂಜೆಕ್ಷನ್ ಚುಚ್ಚುವ ಡಾಕ್ಟರು, ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ನಗುತ್ತಿದ್ದೆ. ಆ ಗುಂಪಿಗೆ ಸೇರದ ಒಬ್ಬರೇ ಮನುಷ್ಯರೆಂದರೆ ಇವರು.

ಎಸ್ಟೇಟಿನಲ್ಲಿ ಕುಯ್ಲಿನ ಕಾಲಕ್ಕೆ ಸಂಜೆ ಕಣದಲ್ಲಿ ಕಾಫಿ ಹಣ್ಣು ತೂಗುತ್ತಾರೆ. ಮರದ ಮೂರು ಕಾಲು ನೆಟ್ಟು, ನಡುವೆ ಕೊಕ್ಕೆ ತಕ್ಕಡಿ ನೇತುಹಾಕಿ, ಒಬ್ಬೊಬ್ಬರ ಚೀಲವನ್ನೂ ಅದಕ್ಕೆ ಸಿಕ್ಕಿಸಿ ರೈಟರ್ ತೂಕ ಕೂಗುತ್ತಾನೆ. ಬೆಳಗ್ಗೆ ಅದೇ ತಕ್ಕಡಿ ಸಿಸ್ಟರಮ್ಮನ ಕೈಗೆ ಬರುತ್ತಿತ್ತು. ಹಳೆ ಸೀರೆ ಮಡಿಸಿ ಹಾಸಿದ ಬಿದಿರಿನ ಕುಕ್ಕೆಯಲ್ಲಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಕೂಸುಗಳನ್ನು ಕೂರಿಸಿ ತೂಗುತ್ತಿದ್ದರು. ಕುಕ್ಕೆ ತೂಗಾಡಿದಾಗ ಕೂಸು ನಕ್ಕರೆ, "ನಗಬ್ಯಾಡ ಕಣೋ, ಮುಳ್ಳು ನಿಲ್ಲಲ್ಲ" ಎಂದು ಗದರುತ್ತಿದ್ದರು. ತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿ, ಹನಿ ಎಣಿಸಿ ಔಷಧಿ ಹಾಕುತ್ತಿದ್ದರು. ತೂಕ ನೋಡದೆ ಮಾತ್ರೆ ಕೇಳಿದವರಿಗೆ ಅವರ ಉತ್ತರ ಒಂದೇ: "ಕಾಫಿಗೇ ತೂಕ ನೋಡ್ತಾರೆ, ನೀನೇನು ಕಾಫಿಗಿಂತ ಕಡೆನಾ?"

ಈ ಮಾತನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ವಿಜ್ಞಾನ ಎಂದರೆ ಏನು ಎಂದು ವಿವರಿಸುವಾಗ, ಪುಸ್ತಕ ಬಿಟ್ಟು ಇವರ ಕುಕ್ಕೆಯ ಕಥೆ ಹೇಳಿದ್ದೇನೆ. ಹುಡುಗರು ಇಷ್ಟಪಟ್ಟು ಕೇಳುತ್ತಿದ್ದರು. ಬೆಕ್ಕು ಸತ್ತ ಮೇಲೆ ಹೇಳುವುದನ್ನು ಬಿಟ್ಟೆ.

ಅವರು ಗಿಡ್ಡ. ಬಿಳಿ ಸೀರೆ ಉಡುತ್ತಿದ್ದರು, ಆದರೆ ಕಾಫಿ ಕಣದ ಧೂಳಿಗೆ ಅದು ಎಂದೂ ಬಿಳಿಯಾಗಿ ಉಳಿದದ್ದು ನೋಡಿಲ್ಲ. ಎಡಗಿವಿ ಸ್ವಲ್ಪ ಮಂದ. ಅಥವಾ ಬಲಗಿವಿಯೋ. ನನ್ನ ಹೆಂಡತಿ ಸುಮ ಎಡ ಎನ್ನುತ್ತಾಳೆ, ಅವಳು ಹೇಳಿದ್ದನ್ನೇ ಇಟ್ಟುಕೊಳ್ಳುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಉದಾಹರಣೆಗೆ, ಬೆಕ್ಕಿನ ಘಟನೆ ಡಿಸೆಂಬರಿನಲ್ಲಿ ನಡೆಯಿತು ಎಂದು ಹತ್ತು ವರ್ಷ ನಾನು ಸಾಧಿಸಿದ್ದೇನೆ. ಸುಮ ಅದಕ್ಕೆ ಕೊಡುವ ಉತ್ತರ ಹೀಗೆ: "ಎಳ್ಳು ಬೀರಿದ ಸ್ಟೀಲ್ ಡಬ್ಬ ಇನ್ನೂ ತೊಳೆದಿರಲಿಲ್ಲ. ಅದರ ಮುಚ್ಚಳದಲ್ಲೇ ಮುದ್ದೆಗೆ ನೀರಿಟ್ಟಿದ್ದೆ. ಸಂಕ್ರಾಂತಿ ಆಗಿ ನಾಲ್ಕು ದಿನ." ಇಂಥ ಸಾಕ್ಷಿಯ ಎದುರು ನಾನು ಏನು ಹೇಳಲಿ?

ಮುದ್ದೆ ಎಂದರೆ ಆ ಬೆಕ್ಕು. ರಾಗಿ ಮುದ್ದೆಯ ಬಣ್ಣ, ಮುದ್ದೆಯ ಹಾಗೇ ಗುಂಡಗೆ ಮುದುಡಿ ಒಲೆಯ ಪಕ್ಕ ಮಲಗುತ್ತಿತ್ತು. ಸುಮ ಅದನ್ನು ಸಾಕಿದ್ದು ಅಂತೇನಲ್ಲ. ಅದೇ ಒಂದು ದಿನ ಒಳಗೆ ಬಂದು, ಇವಳ ಸೀರೆಯ ಸೆರಗಿನ ಮೇಲೆ ಕೂತು, ಇದೇ ನನ್ನ ಮನೆ ಎಂದು ತೀರ್ಮಾನಿಸಿತು. ಆಗ ನಮಗೆ ಮಕ್ಕಳಿರಲಿಲ್ಲ. ನಾನು ಕಾಲೇಜಿಗೆ ಹೋದರೆ ಆ ಕ್ವಾರ್ಟರ್ಸಿನಲ್ಲಿ ಅವಳ ಜೊತೆ ಮಾತಾಡಲು ಇದ್ದದ್ದು ಸಿಸ್ಟರಮ್ಮ ಮತ್ತು ಮುದ್ದೆ. ಇಬ್ಬರಲ್ಲಿ ಮುದ್ದೆಯೇ ಹೆಚ್ಚು ಕೇಳಿಸಿಕೊಳ್ಳುತ್ತಿತ್ತು.

ಆ ದಿನಗಳಲ್ಲಿ ಸ್ಟೋರಿನ ಗಂಡುಬೆಕ್ಕಿನ ಜೊತೆ ಜಗಳವಾಡಿ ಮುದ್ದೆಯ ಕತ್ತಿನ ಹತ್ತಿರ ಹಲ್ಲು ಇಳಿದಿತ್ತು. ಅದು ಕೀವಾಗಿ, ಒಂದು ಬೆಳಗ್ಗೆ ಮೈ ಸುಡುತ್ತಿತ್ತು. ಹಾಲು ಮೂಸಿಯೂ ನೋಡಲಿಲ್ಲ. ಸುಮ ನನ್ನನ್ನು ಎಬ್ಬಿಸಿದಳು. ನಾನು ಸಿಸ್ಟರಮ್ಮನನ್ನು ಕರೆತಂದೆ.

ಅವರು ಮುದ್ದೆಯ ಕಿವಿ ಮುಟ್ಟಿ, ಗಾಯ ನೋಡಿ, "ಕೀವು ತುಂಬೈತೆ. ಇದನ್ನ ಕುಯ್ದು ತೆಗೀಬೇಕು, ದನದ ಡಾಕ್ಟ್ರೇ ಆಗಬೇಕು" ಎಂದರು. ಬೆಳಗೋಡಿನ ಪಶು ಆಸ್ಪತ್ರೆಯ ಡಾಕ್ಟರು ಆ ವಾರ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿ ಸುತ್ತುತ್ತಿದ್ದರು, ಮಧ್ಯಾಹ್ನದ ಮೇಲೆ ಸಿಗುತ್ತಿದ್ದರು. ಹೊತ್ತಾದ ಮೇಲೆ ಬಸ್ಸಿಗೆ ಹೋಗೋಣ ಎಂದು ಮಾತಾಯಿತು.

ಅಲ್ಲಿಗೇ ನಿಂತಿದ್ದರೆ ಸಾಕಿತ್ತು. ಮಧ್ಯಾಹ್ನದವರೆಗೆ ಸುಮ್ಮನೆ ಕಾಯಬೇಕಿತ್ತು, ಅಷ್ಟೆ. ಆ ಆರು ಗಂಟೆ ಸುಮ್ಮನಿರಲು ಓದಿದ ಇಬ್ಬರಿಂದ ಆಗಲಿಲ್ಲ.

"ಅಲ್ಲೀಗಂಟ ಜ್ವರನಾದ್ರೂ ಇಳೀಲಿ" ಎಂದು ಯಾರೋ ಅಂದರು. ಅವರೋ, ನಾನೋ? ಅವರು ಎಂದೇ ನನ್ನ ನೆನಪು ಹೇಳುತ್ತದೆ. ಲೈನಿನ ಪುಟ್ಟಮ್ಮ ಕೆಲಸಕ್ಕೆ ಹೋಗುವವಳು ನಮ್ಮ ಜಗಲಿಯ ಮುಂದೆ ನಿಂತು ನೋಡುತ್ತಿದ್ದಳು.

"ಬೆಕ್ಕಿಗೆ ಯಾಕವ್ವಾ ಮನ್ಸರ ಔಷಧಿ? ಸುಮ್ಕೆ ಬುಡಿ. ಅದಕ್ಕೆ ಅದರದೇ ದೇಹ ಐತೆ" ಎಂದಳು.

"ಪುಟ್ಟಮ್ಮ, ಜ್ವರ ಅಂದ್ರೆ ಜ್ವರವೇ. ಅದು ಜಾತಿ ನೋಡಲ್ಲ" ಎಂದೆ ನಾನು. ಇದು ಮಾತ್ರ ನಾನೇ ಅಂದದ್ದು. ಮಾತು ಚೆನ್ನಾಗಿ ಬಂತು ಎಂದು ಖುಷಿಯಾದದ್ದೂ ನೆನಪಿದೆ. ಪುಟ್ಟಮ್ಮ ಹಣ್ಣು ಕೀಳುವ ತನ್ನ ಕುಕ್ಕೆ ತಲೆಯ ಮೇಲಿಟ್ಟುಕೊಂಡು, "ಓದಿದೋರು, ಏನೋಪ್ಪ" ಎಂದು ಹೋದಳು.

ಸಿಸ್ಟರಮ್ಮ ಕೊಕ್ಕೆ ತಕ್ಕಡಿ ತರಿಸಿ ನಮ್ಮ ಜಗಲಿಯ ತೊಲೆಗೆ ಕಟ್ಟಿದರು. ಕೂಸುಗಳ ಕುಕ್ಕೆಯಲ್ಲೇ ಮುದ್ದೆಯನ್ನು ಕೂರಿಸಿದರು. ಮುದ್ದೆ ಅಲ್ಲಾಡಲಿಲ್ಲ, ಆದ್ದರಿಂದ ಮುಳ್ಳು ಚೆನ್ನಾಗಿ ನಿಂತಿತು. ಆಗಷ್ಟೇ ಹುಟ್ಟಿದ ಕೂಸಿನ ತೂಕ. ಒಂದು ತೂಕದ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಅವರು ಲೆಕ್ಕ ಮಾಡಿದರು: ಆ ತೂಕದ ಕೂಸಿಗೆ ಮಕ್ಕಳ ಜ್ವರದ ಔಷಧಿ ಎಷ್ಟು ಹನಿ. ಚೀಟಿಯನ್ನು ನನ್ನ ಕಡೆ ಚಾಚಿ, "ಲೆಕ್ಕ ಸರಿ ಐತಾ ನೋಡಿ ಮೇಷ್ಟ್ರೇ" ಎಂದರು.

ನಾನು ನೋಡಿದೆ. "ಲೆಕ್ಕ ಸರಿ ಇದೆ" ಎಂದೆ. ಅವರು ಹನಿ ಎಣಿಸಿ ಮುದ್ದೆಯ ಬಾಯಿಗೆ ಹಾಕಿದರು.

ನನ್ನ ಪಾಲಿನದು ಇಷ್ಟು. ಇಷ್ಟೇ ಎಂದು ಹತ್ತಾರು ವರ್ಷ ನಂಬಿಕೊಂಡು ಬಂದೆ. ಲೆಕ್ಕ ಸರಿಯಿತ್ತು, ಸರಿ ಎಂದೆ. ಕೊಡಿ ಎಂದು ಹೇಳಲಿಲ್ಲ. ಆ ಹನಿಗಳಲ್ಲಿದ್ದ ಪ್ಯಾರಾಸಿಟಮಾಲಿನ ರಚನೆಯನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಕಣ್ಣು ಮುಚ್ಚಿದರೂ ಬರೆಯಬಲ್ಲೆ. ಅದು ಒಂದು ಬೆಕ್ಕಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹಗಲು ಹನ್ನೆರಡೂವರೆಯ ಹೊತ್ತಿಗೆ ಸುಮ ಕೂಗಿದಳು. ಮುದ್ದೆಯ ಮುಖ ಊದಿಕೊಂಡಿತ್ತು. ಕಣ್ಣಿನ ಕೆಳಗೆ, ಗಲ್ಲ, ಮುಂಗಾಲುಗಳು ದಪ್ಪವಾಗಿದ್ದವು, ಬೇರೆ ಯಾವುದೋ ಬೆಕ್ಕು ಅನ್ನಿಸುವಷ್ಟು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಬೆಕ್ಕು ಹಾಗೆ ಬಾಯಲ್ಲಿ ಉಸಿರಾಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಿಸ್ಟರಮ್ಮ ಓಡಿ ಬಂದು ತುಟಿ ಎತ್ತಿ ನೋಡಿದರು. ಒಸಡು ಕೆಂಪಗಿರಲಿಲ್ಲ. ಕಂದು.

"ಇದೇನಿದು? ಇದೇನಿದು ಮೇಷ್ಟ್ರೇ?" ಎಂದರು. ಯಾವ ಕಾಯಿಲೆಗೂ ಅವರು ಹಾಗೆ ಕೇಳಿದ್ದು ನಾನು ಕಂಡಿರಲಿಲ್ಲ.

ಕುಕ್ಕೆಯಲ್ಲೇ ಅದನ್ನಿಟ್ಟುಕೊಂಡು ನಾವು ಮೂವರೂ ಬೆಳಗೋಡಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕುಕ್ಕೆಯನ್ನು ನೋಡಿದವರೊಬ್ಬರು, "ಕೋಳಿನಾ ಅಕ್ಕಾ?" ಎಂದು ಕೇಳಿದರು. ಸುಮ ಕುಕ್ಕೆಯನ್ನು ಮಡಿಲಿಗೆ ಎಳೆದುಕೊಂಡಳು. ಸಿಸ್ಟರಮ್ಮ ಕುಕ್ಕೆಯೊಳಗೆ ಕೈ ಹಾಕಿ ಮುದ್ದೆಯ ಎದೆಯ ಮೇಲೆ ಎರಡು ಬೆರಳಿಟ್ಟು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದರು. ಅವರಿಗೆ ಅಭ್ಯಾಸ.

ಪಶು ಡಾಕ್ಟರು ಆಗಷ್ಟೇ ಬಂದು ಕೈ ತೊಳೆಯುತ್ತಿದ್ದರು. ಪ್ಯಾಂಟಿಗೆ ಮೊಣಕಾಲವರೆಗೆ ಸಗಣಿ. ತುಟಿ ಎತ್ತಿ ಒಸಡು ನೋಡಿದವರು ನಮ್ಮ ಕಡೆ ತಿರುಗದೆಯೇ ಕೇಳಿದರು.

"ಏನು ಕೊಟ್ಟಿರಿ?"

"ಜ್ವರದ ಹನಿ" ಎಂದರು ಸಿಸ್ಟರಮ್ಮ. "ಮಕ್ಕಳದು. ಪ್ಯಾರಾಸಿಟಮಾಲ್."

ಡಾಕ್ಟರು ಕಣ್ಣು ಮುಚ್ಚಿ ತೆರೆದರು.

"ತೂಕ ನೋಡಿ ಕೊಟ್ಟೀನಿ ಡಾಕ್ಟ್ರೇ. ಒಂದು ಹನಿನೂ ಜಾಸ್ತಿ ಇಲ್ಲ."

"ತೂಕ ತಗೊಂಡು ಏನ್ಮಾಡ್ತೀರಿ ಸಿಸ್ಟರ್! ಬೆಕ್ಕು ಅಂದ್ರೆ ಸಣ್ಣ ಮನುಷ್ಯ ಅಂದ್ಕಂಡ್ರಾ? ಇದಕ್ಕೆ ಇದು ವಿಷ. ಒಂದು ಹನಿನೂ ಕೊಡೋಹಂಗಿಲ್ಲ. ನಮ್ಮ ಲಿವರ್ ಇದನ್ನ ಮುರಿದು ಹೊರಗೆ ಹಾಕ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿನೇ ಇಲ್ಲ. ಅದು ರಕ್ತನೇ ಕೆಡಿಸ್ತದೆ."

ಕಿವಿಯ ತುದಿಯನ್ನು ಸೂಜಿಯಿಂದ ಚುಚ್ಚಿ ಹತ್ತಿಗೆ ಒಂದು ತೊಟ್ಟು ರಕ್ತ ಒತ್ತಿ ನಮಗೆ ತೋರಿಸಿದರು. ಅದರ ಬಣ್ಣದ ಬಗ್ಗೆ ಮಾತ್ರ ನನ್ನ ನೆನಪಿನಲ್ಲಿ ಅನುಮಾನವಿಲ್ಲ. ಹಾಲು ಬೆರೆಸದ ಕಾಫಿ ಡಿಕಾಕ್ಷನ್ ಚೆಲ್ಲಿದ ಬಣ್ಣ. ಇದು ಒಂದು ಪ್ರಾಣಿಯ ಮೈಯಿಂದ ಬಂದದ್ದು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾಲೇಜಿನ ಲ್ಯಾಬಿನಲ್ಲಿ ನೂರು ಬಣ್ಣ ನೋಡಿದ್ದೆ, ಇದನ್ನು ನೋಡಿರಲಿಲ್ಲ.

"ಈ ರಕ್ತ ಉಸಿರನ್ನ ಹೊರೋದಿಲ್ಲ" ಎಂದರು ಡಾಕ್ಟರು. "ಇದಕ್ಕೆ ಕೊಡೋ ಔಷಧಿ ಐತೆ. ನನ್ನ ಹತ್ರ ಇಲ್ಲ. ಹಾಸನದಿಂದ ತರಿಸೋ ಹೊತ್ತಿಗೆ..." ತಮ್ಮಲ್ಲಿದ್ದ ಯಾವುದೋ ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಪುಸ್ತಕ ತೆಗೆದು ಬರೆದುಕೊಳ್ಳುತ್ತ ಕೇಳಿದರು: "ಕೊಡೋಣ ಅಂತ ತೀರ್ಮಾನ ಮಾಡಿದ್ದು ಯಾರು?"

"ನಾನು" ಎಂದರು ಸಿಸ್ಟರಮ್ಮ.

ನಾನು ಬಾಯಿ ತೆರೆಯುವ ಮೊದಲೇ ಅಂದರು. ಅಥವಾ ನಾನು ಬಾಯಿ ತೆರೆಯುವುದು ತಡವಾಯಿತು. ಸುಮ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಬೆಕ್ಕಿನ ದುಃಖ ಅಂದುಕೊಂಡೆ.

ಮುದ್ದೆ ನಾಲ್ಕೂವರೆಗೆ, ದನಗಳಿಗೆಂದು ಮಾಡಿದ ಆ ದೊಡ್ಡ ಕಲ್ಲಿನ ಕಟ್ಟೆಯ ಮೇಲೆ, ಸುಮಳ ಕೈಯ ಕೆಳಗೆ ಸತ್ತಿತು. ಗಾಯದ ಕೀವಿನಿಂದ ಅದು ಸಾಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ. ಆದರೆ ಹೇಳಿದ್ದು ಒಳ್ಳೆಯದೇ ಆಯಿತೇನೋ.

ಇನ್ನು ನಾನು ಬರೆಯಬೇಕಾದ್ದು ಮಾರನೆಯ ಸಂಜೆಯದು. ಕಣದಲ್ಲಿ ಹಣ್ಣು ತೂಗುವ ಹೊತ್ತು. ಅರವತ್ತು ಎಪ್ಪತ್ತು ಜನ ಚೀಲ ಇಟ್ಟುಕೊಂಡು ಸಾಲಿನಲ್ಲಿ ಕೂತಿದ್ದರು. ರೈಟರ್ ಪುಸ್ತಕ ತೆರೆದಿದ್ದ. ಸಿಸ್ಟರಮ್ಮ ಬಂದು ತಕ್ಕಡಿಯ ಪಕ್ಕ ನಿಂತು, "ಒಂದು ನಿಮಿಷ ತಡಿ ಮಾರಾಯ" ಎಂದು ಅವನನ್ನು ನಿಲ್ಲಿಸಿದರು. ನಾನು ಕಾಲೇಜಿನಿಂದ ಬಂದವನು ಕಣದ ಅಂಚಿನಲ್ಲಿದ್ದೆ.

"ಎಲ್ಲ ಕೇಳ್ರಪ್ಪ. ಮೇಷ್ಟ್ರ ಮನೆ ಬೆಕ್ಕಿಗೆ ನಾನು ಜ್ವರದ ಔಷಧಿ ಹಾಕ್ದೆ. ಸತ್ತೋಯ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ದೆ ಹಾಕಿದ್ದು ತಪ್ಪು. ನಿಮ್ಮ ಮನೇಲಿ ನಾನು ಕೊಟ್ಟ ಮಾತ್ರೆ ಮಿಕ್ಕಿದ್ರೆ ಬೆಕ್ಕಿಗೆ ನಾಯಿಗೆ ಕೊಡಬ್ಯಾಡಿ. ಚೂರೂ ಕೊಡಬ್ಯಾಡಿ. ಮಿಕ್ಕಿದ್ದು ನನಗೆ ತಂದು ಕೊಡಿ."

ಪುಟ್ಟಮ್ಮ ನನ್ನ ಕಡೆ ನೋಡಿದಳು. ನಾನು ಅಂಗಿಯ ತೋಳು ಮಡಿಸಿಕೊಳ್ಳತೊಡಗಿದೆ. ಆಗ ಎರಡು ಹೆಜ್ಜೆ ಮುಂದಿಟ್ಟು, "ಲೆಕ್ಕ ನೋಡಿ ಸರಿ ಅಂದವನು ನಾನು" ಎಂದಿದ್ದರೆ ಸಾಕಿತ್ತು. ಅಷ್ಟು ಮಾತು ಹೊರಡಲಿಲ್ಲ.

ಅದರಿಂದ ಏನಾಯಿತೆಂದರೆ, ಲೈನಿನ ತಾಯಂದಿರು ಕೂಸುಗಳನ್ನು ತರುವುದು ನಿಂತಿತು. ಬೆಳಗ್ಗೆ ಕುಕ್ಕೆ ಖಾಲಿ ತೂಗಾಡುತ್ತಿತ್ತು. "ಬೆಕ್ಕನ್ನ ಕೊಂದೋರು, ನಮ್ಮ ಮಕ್ಕಳಿಗೇನು ಹಾಕ್ತಾರೋ" ಎಂದು ನಲ್ಲಿಯ ಹತ್ತಿರ ಆಡಿಕೊಳ್ಳುವುದನ್ನು ಸುಮ ಕೇಳಿಸಿಕೊಂಡು ಬಂದಿದ್ದಳು. ಬೆಕ್ಕಿನ ಸಿಸ್ಟರು ಎಂಬ ಅಡ್ಡಹೆಸರೂ ಬಿತ್ತು. ಒಂದು ಕೂಸು ಜ್ವರ ಏರಿ ಫಿಟ್ಸ್ ಬಂದು, ಜೀಪಿನಲ್ಲಿ ಸಕಲೇಶಪುರಕ್ಕೆ ಸಾಗಿಸುವಂತಾಯಿತು. ಬದುಕಿತು. ಡಿಸ್ಪೆನ್ಸರಿ ಆ ಮನೆಯಿಂದ ಐವತ್ತು ಹೆಜ್ಜೆ. ಜೀಪು ಹೋದ ಮೇಲೆ ಸಿಸ್ಟರಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಸಮಾಧಾನ ಹೇಳಲು ಹೋದೆ. "ಬರ್ತಾರೆ ಬುಡಿ. ನಾನು ಇಲ್ಲೇ ಇರ್ತೀನಲ್ಲ" ಎಂದರು.

ಅವರು ವಾರದ ರಜೆಯ ದಿನ ಬೆಳಗೋಡಿನ ಬಸ್ಸು ಹತ್ತತೊಡಗಿದರು. ಪಶು ಡಾಕ್ಟರ ಎದುರು ಕೂತು, ತಮ್ಮ ಡಬ್ಬದ ಒಂದೊಂದು ಮಾತ್ರೆಯ ಹೆಸರನ್ನೂ ಓದಿ, "ಇದು ಬೆಕ್ಕಿಗೆ? ಇದು ನಾಯಿಗೆ?" ಎಂದು ಕೇಳಿ ಬರೆದುಕೊಂಡರು. ಡಾಕ್ಟರು ಬೇಸತ್ತು, "ಸಿಸ್ಟರ್, ಒಂದೇ ಮಾತು ಬರ್ಕೊಳ್ಳಿ. ಪ್ರಾಣಿ ನೋಡ್ದೆ ಯಾವುದೂ ಇಲ್ಲ, ನನ್ನ ಕೇಳ್ದೆ ಏನೂ ಇಲ್ಲ" ಎಂದರಂತೆ. "ಅದನ್ನೂ ಬರ್ಕಂಡೆ" ಎಂದು ಇವರು ನಮಗೆ ಹೇಳಿದರು.

ಆಮೇಲೆ ಯಾರಿಗೆ ಒಂದು ಮಾತ್ರೆ ಕೊಡಬೇಕಾದರೂ ತೂಕದ ಜೊತೆ ಇನ್ನೊಂದು ಪ್ರಶ್ನೆ ಸೇರಿತು: "ಮನೇಲಿ ಬೆಕ್ಕು ನಾಯಿ ಐತಾ?" ಜೀಪ್ ಡ್ರೈವರ್ ಒಮ್ಮೆ ಸೊಂಟನೋವಿಗೆ ಕೊಟ್ಟಿದ್ದ ಮಾತ್ರೆಯನ್ನು ಬೆಲ್ಲದಲ್ಲಿಟ್ಟು, ಕುಂಟುತ್ತಿದ್ದ ತನ್ನ ನಾಯಿಗೆ ಹಾಕಲು ಹೊರಟಿದ್ದ. ಇವರಿಗೆ ಹೇಗೆ ಗೊತ್ತಾಯಿತೋ, ಬಿಳಿ ಸೀರೆ ಎತ್ತಿ ಹಿಡಿದು ಶೆಡ್ಡಿಗೆ ಓಡಿದರು. ನಾವೆಲ್ಲ ಹಿಂದೆ.

"ಬುಡೋ ಕೈನ! ಬುಡು!"

"ಏನಾಗಲ್ಲ ಸಿಸ್ಟರಮ್ಮ, ನಾನೇ ತಿಂದು ನೋಡಿವ್ನಿ. ನೋವು ಹಂಗೇ ಹೋಗ್ಬುಡ್ತು."

"ನೀನು ನಾಯಿನಾ?"

ಡ್ರೈವರ್ ಸ್ವಲ್ಪ ಯೋಚಿಸಿದ. "ನನ್ನ ಹೆಂಡ್ರು ಹಂಗಂತಾಳೆ" ಎಂದ.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬೆಲ್ಲದ ಸಮೇತ ಮಾತ್ರೆ ಕಿತ್ತುಕೊಂಡು, "ನಾಯಿ ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಸುರಿಸಿ ಸಾಯ್ತದೆ, ನಿಂಗೆ ಗೊತ್ತೂ ಆಗಲ್ಲ. ಕುಂಟೋ ನಾಯಿ ಇರ್ಲಿ ಸಾಕು. ನಾಳೆ ಬೆಳಗೋಡಿಗೆ ಕರ್ಕಂಡು ಹೋಗು" ಎಂದರು. ಅವನು ಹೋದ. ನಾಯಿ ಆಮೇಲೆ ಬಹಳ ವರ್ಷ ಇತ್ತು. ಕಾಲಿನಲ್ಲಿ ಮುಳ್ಳು ಮುರಿದಿತ್ತಂತೆ.

ಕೂಸುಗಳು ಮತ್ತೆ ಕುಕ್ಕೆಗೆ ಬರಲು ಮುಂದಿನ ಕುಯ್ಲು ಬರಬೇಕಾಯಿತು. ಮೊದಲು ಬಂದದ್ದು ಪುಟ್ಟಮ್ಮನ ಮೊಮ್ಮಗಳು. "ತಪ್ಪು ಒಪ್ಕಂಡೋರ ಕೈಲಿ ಹಾಕಿಸ್ಕಂಡ್ರೆ ಭಯ ಇಲ್ಲ" ಎಂದಳಂತೆ ಪುಟ್ಟಮ್ಮ. ನನ್ನ ಎದುರಿಗೇ ಅಂದಿದ್ದರೆ ನಾನು ಎಲ್ಲಿ ನೋಡುತ್ತಿದ್ದೆನೋ.

ನಮಗೆ ಹಾಸನಕ್ಕೆ ವರ್ಗವಾಯಿತು. ಅವರು ನಿವೃತ್ತರಾಗಿ ಮಗ್ಗೆಯಲ್ಲಿ ತಂಗಿಯ ಮನೆ ಸೇರಿದರು. ಎರಡು ಸಲ ಹೋಗಿ ನೋಡಿದ್ದೆ. ಎರಡು ಸಲವೂ ಆ ಮಾತು ತೆಗೆಯಬೇಕೆಂದು ಹೊರಟು, ತೆಗೆಯದೆ, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಎರಡನೆಯ ಸಲ ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದೂವರೆ ಮೂಟೆ ಆಗಿದೀರ ಮೇಷ್ಟ್ರೇ" ಎಂದರು.

ಅವರು ತೀರಿಕೊಂಡ ಹನ್ನೊಂದನೆಯ ದಿನಕ್ಕೆ ಮಗ್ಗೆಗೆ ಹೋದೆ. ಊಟವಾದ ಮೇಲೆ ತಂಗಿಯ ಮಗಳು ಎಲೆಯಡಿಕೆ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅವಳ ಮಡಿಲಿಗೆ ಒಂದು ಬೆಕ್ಕು ಹತ್ತಿತು. ಕಪ್ಪು ಬಿಳಿ.

"ದೊಡ್ಡಮ್ಮ ನಿಮ್ಮ ವಿಷಯ ತುಂಬ ಹೇಳೋರು ಸಾರ್. ಆ ಬೆಕ್ಕಿನ ಕಥೆ ಈ ಊರಿನ ಎಲ್ಲರಿಗೂ ಹೇಳವ್ರೆ. ಯಾರ ಮನೇಲಿ ಬೆಕ್ಕು ಮರಿ ಹಾಕಿದ್ರೂ ಹೋಗಿ ಹೇಳಿ ಬರೋರು."

"ಏನಂತ ಹೇಳ್ತಿದ್ರು?"

"ಮೇಷ್ಟ್ರು ಬ್ಯಾಡ ಅಂದ್ರು, ಡಾಕ್ಟ್ರು ಬರೋಗಂಟ ಕಾಯಣ ಅಂದ್ರು, ನಾನೇ ಕೇಳ್ದೆ ಹಾಕ್ಬುಟ್ಟೆ, ಅಂತ. ಓದಿದೋರ ಮಾತು ಕೇಳಬೇಕಿತ್ತು ಅನ್ನೋರು."

ಈಗ ನಾನು ಬರೆಯುವುದು ನನಗೆ ಇಷ್ಟವಾದ ಸಂಗತಿಯಲ್ಲ. ಆ ಮಾತು ಕೇಳಿದ ಕೂಡಲೇ ನನ್ನ ಮೈ ಹಗುರಾಯಿತು. ಹೌದೇನೋ, ನಾನು ಬೇಡ ಎಂದಿರಬಹುದೇನೋ! ನನ್ನ ನೆನಪು ಅಷ್ಟಕ್ಕಷ್ಟೆ, ಸಂಕ್ರಾಂತಿಯನ್ನು ಡಿಸೆಂಬರ್ ಮಾಡಿದವನು ನಾನು. ಆ ಬೆಳಗಿನ ಜಗಲಿಯಲ್ಲಿ ನನ್ನನ್ನು ನಾನೇ ನಿಲ್ಲಿಸಿ ಬೇಡ ಎಂದು ಹೇಳಿಸಿ ನೋಡಿದೆ. ಚಿತ್ರ ಸಲೀಸಾಗಿ ಮೂಡಿತು. ಮಗ್ಗೆಯಿಂದ ಆಲೂರಿಗೆ ಬರುವ ಬಸ್ಸಿನಲ್ಲಿ ಅದಕ್ಕೆ ಮಾತುಗಳೂ ಕೂಡಿಕೊಂಡವು. ಹಾಸನ ತಲುಪುವ ಹೊತ್ತಿಗೆ ಅರ್ಧ ನಂಬಿದ್ದೆ. ಎಲ್ಲವನ್ನೂ ಅನುಮಾನಿಸುತ್ತೇನೆ ಎಂದು ಜಂಬಪಟ್ಟವನು, ತನಗೆ ಬೇಕಾದ ಸುಳ್ಳನ್ನು ಐವತ್ತು ಕಿಲೋಮೀಟರು ತುಂಬುವುದರೊಳಗೆ ನಂಬಬಲ್ಲ ಎಂಬುದು ಅಂದು ಗೊತ್ತಾಯಿತು.

ಮನೆಗೆ ಬಂದು ಸುಮಳಿಗೆ ಹೇಳಿದೆ. ಅವಳು ಹೊಸಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ನಾನು ಬೇಡ ಅಂದೆ ಅಂತ ಊರಿಗೆಲ್ಲ ಹೇಳಿದ್ದಾರೆ. ನನಗೆ ಲೆಕ್ಕ ಸರಿ ಅಂದಷ್ಟೇ ನೆನಪು. ನಿನಗೇನಾದರೂ ಗೊತ್ತಾ?"

ಸುಮ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಾನು ಒಳಗೆ ಒಲೆ ಮುಂದೆ ಇದ್ದೆ. ಜಗಲಿ ಮಾತು ಎಲ್ಲ ಕೇಳಿಸ್ತಿತ್ತು. ಲೆಕ್ಕ ಆದಮೇಲೆ ಅವರು, 'ಅರ್ಧ ಹಾಕಣ ಮೇಷ್ಟ್ರೇ, ಯಾಕೋ ಕೈ ಬರ್ತಿಲ್ಲ, ಪ್ರಾಣಿ ಮೈ ನಂಗೊತ್ತಿಲ್ಲ' ಅಂದ್ರು. ನೀವು ನಕ್ಕಿರಿ. 'ತೂಕ ನೋಡಿದ ಮೇಲೆ ಅರ್ಧ ಯಾಕೆ? ನೀವೂ ಪುಟ್ಟಮ್ಮನ ಪಾರ್ಟಿ ಆಗ್ಬಿಟ್ರಾ? ಪೂರ್ತಿ ಕೊಡಿ' ಅಂದ್ರಿ."

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

"ನಾನೂ ಎದ್ದು ಬಂದು ಬೇಡ ಅನ್ನಲಿಲ್ಲ" ಎಂದಳು ಸುಮ. "ನೀವಿಬ್ಬರೂ ತಿಳಿದೋರು ಅಂತ ಸುಮ್ಮನಿದ್ದೆ. ನನ್ನದೂ ಇದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮುದ್ದೆ ಹೋದ ಮೂರನೇ ದಿನ ಸಿಸ್ಟರಮ್ಮನ ಹತ್ರ ಹೋಗಿ ಜಗಳ ಆಡಿದ್ದೆ. ನೀವೊಬ್ಬರೇ ಯಾಕೆ ಹೊತ್ಕೊಂಡ್ರಿ ಅಂತ. 'ಮೇಷ್ಟ್ರು ನಾಳೆ ಹುಡುಗ್ರ ಮುಂದೆ ನಿಂತು ಪಾಠ ಹೇಳಬೇಕು ಕಣವ್ವ, ಸುಮ್ಕಿರು' ಅಂದ್ರು. ಅವರೂ ನಾಳೆ ತಾಯಂದಿರ ಮುಂದೆ ನಿಲ್ಲಬೇಕಿತ್ತಲ್ಲ, ಅದನ್ನ ಹೇಳಲಿಲ್ಲ."

ಆ ನಗು ನನಗೆ ನೆನಪಿಲ್ಲ. ಎಷ್ಟು ಯತ್ನಿಸಿದರೂ ಬರುವುದಿಲ್ಲ. ಆದರೆ ಸುಮ ಹೇಳಿದ ಕ್ಷಣವೇ ಅದು ನನ್ನದೆಂದು ಗೊತ್ತಾಯಿತು. ಕ್ಲಾಸಿನಲ್ಲಿ ಯಾರಾದರೂ ಹುಡುಗ ಹಿಂಜರಿದು ಉತ್ತರಿಸಿದಾಗ ನಾನು ನಗುತ್ತಿದ್ದ ನಗು.

ಅರ್ಧ ಹಾಕಿದ್ದರೂ ಮುದ್ದೆ ಉಳಿಯುತ್ತಿತ್ತು ಎನ್ನುವಂತಿಲ್ಲ. ಒಂದು ಹನಿಯೂ ಕೂಡದು ಎಂದು ಡಾಕ್ಟರು ಅಂದೇ ಹೇಳಿದ್ದರು. ಆದರೆ ಅರ್ಧ ಎಂದವರ ಕೈ ಹಿಂದೆ ಸರಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಶೀಶೆಯ ಮುಚ್ಚಳ ಹಾಕುತ್ತಿದ್ದರು. ತೂಕ ನೋಡದೆ ಯಾರಿಗೂ ಮಾತ್ರೆ ಕೊಡದಿದ್ದ ಆ ಹೆಂಗಸು, ತೂಕ ನೋಡಿದ ಮೇಲೂ ಒಂದು ಸಲ ಅನುಮಾನಿಸಿದರು. ಆ ಕೈಯನ್ನು ನಾನು ನಕ್ಕು ಮುಂದೆ ತಳ್ಳಿದೆ.

ಸುಮ ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದು ಒಳಗೆ ಹೋದಳು. ನಾಳೆ ಮಗ್ಗೆಗೆ ಫೋನ್ ಮಾಡಿ ಆ ಹುಡುಗಿಗೆ ಹೇಳಬೇಕು, ಮೇಷ್ಟ್ರು ಬೇಡ ಅನ್ನಲಿಲ್ಲ ಎಂದು. ಬೆಕ್ಕಿನ ಕಥೆಯನ್ನು ಅವಳು ಮುಂದೆ ಯಾರಿಗಾದರೂ ಹೇಳುವುದಿದ್ದರೆ, ನನ್ನ ನಗುವಿನ ಸಮೇತ ಹೇಳಲಿ.